ಕಿಟಕಿಯೂ ಕಾಣಬೇಕು, ಕೋಣೆಯೂ ಕಾಣಬೇಕು

ಕೋಣೆಯೊಳಗೆ ನಿಂತು ಕಿಟಕಿ ಕಡೆ ಕ್ಯಾಮೆರಾ ಹಿಡಿದರೆ ಎರಡರಲ್ಲಿ ಒಂದು ಕೈಕೊಡುತ್ತದೆ. ಹೊರಗಿನ ಮರ ಕಂಡರೆ ಒಳಗೆಲ್ಲ ಕಪ್ಪು. ಒಳಗಿನ ಕುರ್ಚಿ ಕಂಡರೆ ಕಿಟಕಿ ಪೂರ್ತಿ ಬಿಳಿ. ಇಂಥಲ್ಲಿ ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಬೆಳಕನ್ನು ಹೆಚ್ಚು-ಕಡಿಮೆ ಒಳಬಿಟ್ಟು, ಕೆಲವು ಫೋಟೊ ತೆಗೆದು ಆಮೇಲೆ ಒಂದಾಗಿ ಸೇರಿಸುತ್ತೇವೆ. ಉಪಾಯ ಹಳೆಯದೇ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮಾಡಿದ್ದ.

ಹೀಗೆ ಸಾಲಾಗಿ ತೆಗೆಯುವುದಕ್ಕೆ ಬ್ರಾಕೆಟಿಂಗ್ ಅಂತಾರೆ. ತುಂಬಾ ಜನ ಕ್ಯಾಮೆರಾ ಮೆನುವಿನಲ್ಲಿ ಮೂರು ಫೋಟೊ, ಒಂದೊಂದು ಸ್ಟಾಪ್ ಅಂತರ ಅಂತ ಇಟ್ಟು ಸುಮ್ನೆ ಒತ್ತಿಬಿಡುತ್ತಾರೆ. ನಾನು ಮೊದಲು ಬೆಳಕು ಅಳೆಯುತ್ತೇನೆ. ಮ್ಯಾನ್ಯುವಲ್ ಮೋಡ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವುದು). ಕಿಟಕಿಯಾಚೆಗಿನ ಬೆಳಕಿಗೆ ಶಟರ್ ವೇಗ 1/1000 ಸೆಕೆಂಡ್ ಬಂತು ಅನ್ನಿ. ಕುರ್ಚಿ ಹಿಂದಿನ ಮೂಲೆಗೆ 1/4. ಸ್ಟಾಪ್ ಅಂದರೆ ಬೆಳಕು ಇಮ್ಮಡಿಯಾಗುವುದು, ಹಾಗಾಗಿ ನಡುವೆ ಎಂಟು ಸ್ಟಾಪ್. ಎರಡೆರಡು ಸ್ಟಾಪ್ ಅಂತರದಲ್ಲಿ ಐದು ಫೋಟೊ ಬೇಕಲ್ವಾ?

ಬೇಡ. ಸ್ಪಾಟ್ ಮೀಟರ್ ತಾನು ನೋಡಿದ್ದನ್ನೆಲ್ಲ ನಡು ಬೂದುಬಣ್ಣ ಮಾಡಲು ನೋಡುತ್ತದೆ. ನಮಗೆ ಬೇಕಿರುವುದು ಬೂದು ಕಿಟಕಿ ಅಲ್ಲ. ಕಿಟಕಿ ಬೆಳಗಿರಲಿ, ಮೂಲೆ ಸ್ವಲ್ಪ ಕತ್ತಲಾಗೇ ಇರಲಿ. ಹಾಗಾಗಿ ಎರಡೂ ತುದಿಯಿಂದ ಎರಡೆರಡು ಸ್ಟಾಪ್ ಒಳಗೆ ಬನ್ನಿ: 1/250, 1/60, 1/15. ಮೂರೇ ಸಾಕು. ಬ್ರಾಕೆಟಿಂಗ್ ಅಂತರ 2 ಸ್ಟಾಪ್, ನಡುವಿನದು 1/60.

ತೆಗೆದಮೇಲೆ 1/250ರ ಫೋಟೊದ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬಿಳುಪು ಎಷ್ಟಿದೆ ಅಂತ ತೋರಿಸುವ ನಕ್ಷೆ) ನೋಡಿ. ಅದು ಬಲತುದಿಗೆ ಒತ್ತಿಕೊಂಡಿದ್ದರೆ ಇನ್ನೊಂದು ಫೋಟೊ 1/1000ದಲ್ಲಿ ಬೇಕೇ ಬೇಕು. ಕತ್ತಲನ್ನು ಆಮೇಲೆ ಸ್ವಲ್ಪ ಎತ್ತಬಹುದು, ಸುಟ್ಟುಹೋದ ಬಿಳುಪನ್ನು ಮಾತ್ರ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಹಾಗಾಗಿ ನನಗೆ ಮುಖ್ಯವಾದದ್ದು ಎಲ್ಲಕ್ಕಿಂತ ಕಪ್ಪಾಗಿರುವ ಫೋಟೊ.

ಬದಲಾಗಬೇಕಾದ್ದು ಶಟರ್ ವೇಗ ಒಂದೇ. ಅಪರ್ಚರ್ ಬದಲಾದರೆ ಯಾವುದು ಎಷ್ಟು ಶಾರ್ಪ್ ಅನ್ನುವುದೇ ಬದಲಾಗುತ್ತದೆ. ಆಟೋ ಐಎಸ್‌ಒ ಆಫ್ ಮಾಡಿ, ಅದು ಆನ್ ಇದ್ದರೆ ನಮ್ಮ ಲೆಕ್ಕವನ್ನೆಲ್ಲ ಹಿಂದಿನಿಂದ ಅಳಿಸಿಹಾಕುತ್ತದೆ. ಫೋಕಸ್ ಮ್ಯಾನ್ಯುವಲ್, ಫೈಲ್ ರಾ (ಕ್ಯಾಮೆರಾ ಇನ್ನೂ ತಿದ್ದದ ಹಸಿ ಮಾಹಿತಿ). ಟ್ರೈಪಾಡ್ ಮೇಲೆ ಎರಡು ಸೆಕೆಂಡ್ ಟೈಮರ್ ಹಾಕಿದರೆ ಎಷ್ಟೋ ಕ್ಯಾಮೆರಾಗಳು ಮೂರನ್ನೂ ತಾವೇ ತೆಗೆದುಕೊಳ್ಳುತ್ತವೆ.

ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಮೂರನ್ನೂ ಆರಿಸಿ ಫೋಟೊ ಮರ್ಜ್‌ನಲ್ಲಿ ಎಚ್‌ಡಿಆರ್ ಒತ್ತಿ, ಮೂರೂ ಸೇರಿ ಒಂದಾಗುತ್ತವೆ. ಪರದೆಯೋ ಎಲೆಯೋ ಅಲ್ಲಾಡಿದ್ದರೆ ಮಾತ್ರ ಡೀಘೋಸ್ಟ್ (ಅಲ್ಲಾಡಿದ್ದು ಎರಡೆರಡಾಗಿ ಕಾಣದಂತೆ ಮಾಡುವ ಆಯ್ಕೆ) ಹಾಕಿ. ಸುಮ್ಮನೆ ಹಾಕಿದರೆ ಅದು ತಿದ್ದಿದ ಜಾಗಕ್ಕೆ ಒಂದೇ ಫೋಟೊದ ಮಾಹಿತಿ ಬಂದು ಕಾಳುಕಾಳಾಗಬಹುದು. ನೆರಳನ್ನು ಪೂರ್ತಿ ಎತ್ತುವ ಚಟ ಬೇಡ. ಕಿಟಕಿ ಚೌಕಟ್ಟಿನ ಸುತ್ತ ಬಿಳಿ ಅಂಚು ಮೂಡಿತೋ, ಸ್ಲೈಡರನ್ನು ಹಿಂದಕ್ಕೆ ಎಳೆಯಿರಿ.