ನಾಯಿ ಹೇಗೆ ಬಂತು?

ನನ್ನ ಮೂರನೇ ತರಗತಿಯ ಹುಡುಗನೊಬ್ಬ ಬರೆದಿದ್ದ: 'ನಾಯಿ ಬಂತು. ನನಗೆ ತುಂಬಾ ಭಯ ಆಯಿತು.' ತಪ್ಪೇನಿಲ್ಲ. ಆದರೆ ನಾಯಿ ನನ್ನ ಕಣ್ಣಿಗೆ ಕಾಣಲಿಲ್ಲ. 'ಇನ್ನೂ ಚೆನ್ನಾಗಿ ಬರಿ' ಅಂದರೆ ಅವನಿಗೆ ಏನು ತಿಳಿಯಬೇಕು? ಅಕ್ಷರ ದುಂಡಗೆ ಮಾಡಿಕೊಂಡು ಬರುತ್ತಾನೆ, ಅಷ್ಟೇ.

'ಹೇಗೆ ಬಂತು? ಮಾಡಿ ತೋರಿಸು' ಅಂದೆ. ನೆಲಕ್ಕೆ ಕೈಯೂರಿದ. ತಲೆ ತಗ್ಗಿಸಿ, ಗುರ್ ಅನ್ನುತ್ತಾ ಒಂದೊಂದೇ ಹೆಜ್ಜೆ ಇಟ್ಟ. 'ಹಾಂ, ಅದನ್ನೇ ಬರಿ.' ಬರೆದ: 'ನಾಯಿ ಗುರ್ ಅನ್ನುತ್ತಾ ಮೆಲ್ಲಮೆಲ್ಲಗೆ ಹತ್ತಿರ ಬಂತು.' ಭಯ ಅನ್ನುವ ಮಾತೇ ಬೇಕಾಗಲಿಲ್ಲ.

ಅಂದಿನಿಂದ ನನ್ನ ತರಗತಿಯಲ್ಲಿ ಮೊದಲು ಆಟ, ಆಮೇಲೆ ಬರವಣಿಗೆ. ಬೋರ್ಡಿನ ಮೇಲೆ 'ನಡೆದರು' ಎಂದು ಬರೆಯಿರಿ. ಒಬ್ಬ ಕಾಲಿಗೆ ಮುಳ್ಳು ಚುಚ್ಚಿದವನಂತೆ ನಡೆಯಲಿ. ಇನ್ನೊಬ್ಬ ಬಸ್ಸು ತಪ್ಪಿಹೋಗುತ್ತದೆ ಅನ್ನುವವನಂತೆ. ಮತ್ತೊಬ್ಬಳು ಮಲಗಿದ ಪಾಪು ಏಳದ ಹಾಗೆ. ಕೂತವರು ಪದ ಹುಡುಕಬೇಕು. ಕುಂಟಿದ, ದಾಪುಗಾಲು ಹಾಕಿದ, ತುದಿಗಾಲಲ್ಲಿ ಹೋದಳು. ನೀವಾಗಿ ಪದ ಕೊಡಬೇಡಿ, ಸ್ವಲ್ಪ ಕಾಯಿರಿ.

ಯಾಕೆಂದರೆ ಪದಗಳು ಅವರ ಬಾಯಲ್ಲಿ ಆಗಲೇ ಇವೆ. ಆಟದಲ್ಲಿ 'ಧೊಪ್ಪಂತ ಬಿದ್ದ', 'ಸುಯ್ಯಂತ ಹೋಯ್ತು' ಅನ್ನುವ ಮಗು ನೋಟ್‌ಬುಕ್ಕಿಗೆ ಬಂದರೆ ಬರೀ 'ಬಿದ್ದನು', 'ಹೋಯಿತು'. ತಪ್ಪು ನಮ್ಮದೇ. ಧಗಧಗ, ಪಟಪಟ ಎಲ್ಲ ಅನುಕರಣಾವ್ಯಯ ಅಂತ ಪರೀಕ್ಷೆಗೆ ಉರು ಹೊಡೆಸುತ್ತೇವೆ. ಅದೇ ಪದ ಪ್ರಬಂಧದಲ್ಲಿ ಬಂದರೆ ಕೆಂಪು ಗೆರೆ ಎಳೆಯುತ್ತೇವೆ, ಅಲ್ವಾ?

ನಾನೂ ಒಂದು ಪೆದ್ದು ಕೆಲಸ ಮಾಡಿದ್ದೆ. 'ಸುಂದರ' ಎಂಬುದಕ್ಕೆ ಬದಲಾಗಿ ರಮಣೀಯ, ಮನೋಹರ ಅಂತ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಮರುದಿನ 'ರಮಣೀಯ ಚಪ್ಪಲಿ' ಬಂತು! ಪಟ್ಟಿ ಕಿತ್ತು ಹಾಕಿದೆ. ದೊಡ್ಡ ಪದ ಬೇರೆ, ಕಣ್ಣಿಗೆ ಕಟ್ಟುವ ಪದ ಬೇರೆ. ಚಪ್ಪಲಿಯ ಬಾರು ಕಿತ್ತಿದೆಯಾ, ನಡೆದರೆ ಚಟಪಟ ಅನ್ನುತ್ತದೆಯಾ, ಅದನ್ನು ಕೇಳಿ.

'ತುಂಬಾ' ಬಂದ ಕಡೆಯೂ ಹೀಗೇ ಕೆಣಕಬಹುದು. 'ತುಂಬಾ ಮಳೆ' ಅಂದರೆ ಯಾವ ಮಳೆ? ಧೋ ಅಂತ ಸುರಿಯಿತಾ, ದಿನವಿಡೀ ಜಿಟಿಜಿಟಿ ಅಂತಿತ್ತಾ? 'ತುಂಬಾ ಕತ್ತಲೆ' ಕಗ್ಗತ್ತಲೆಯಾಗಲಿ, 'ತುಂಬಾ ಹಸಿರು' ಹಚ್ಚಹಸಿರಾಗಲಿ.

ಒಂದು ಬರಹದಲ್ಲಿ ಒಂದೋ ಎರಡೋ ಪದ ಬದಲಾಯಿಸಿದರೆ ಸಾಕು. ಪ್ರತಿ ಸಾಲೂ ಮಿಂಚಬೇಕು ಅಂತ ಹೊರಟರೆ ಓದೋಕಾಗಲ್ಲ. ಯಾವುದನ್ನು ಬದಲಾಯಿಸಬೇಕು ಅನ್ನುವುದನ್ನು ಮಗುವೇ ಆರಿಸಿ, ಅಡಿಗೆರೆ ಹಾಕಲಿ.

ಇನ್ನು ಕಾಗುಣಿತ. ಹೊಸ ಪದ ಬರೆಯುವಾಗ ತಪ್ಪಾಗಿಯೇ ಆಗುತ್ತದೆ. ಅಲ್ಲೇ ತಿದ್ದಿದರೆ ಮಗು ಸುಮ್ನೆ 'ಬಂತು'ಗೇ ವಾಪಸ್ ಹೋಗುತ್ತದೆ. ಮೊನ್ನೆ ಒಬ್ಬಳು 'ತೊಟ್ಟಿಕ್ಕಿತು' ಅನ್ನುವುದನ್ನು 'ತೊಟಿಕಿತು' ಅಂತ ಬರೆದಿದ್ದಳು. ಓದಿಸಿ ಕೇಳಿದೆ, ತಲೆದೂಗಿದೆ. ಒತ್ತಕ್ಷರ ಸರಿ ಮಾಡಿಸಿದ್ದು ಮರುದಿನ.