ಬೋರ್ಡಿನ ಹತ್ತಿರ ಬರುವಷ್ಟರಲ್ಲಿ ಸ್ಪೀಡ್ ಇಳಿದಿರಬೇಕು

ಕೆಲಸದ ಮೇಲೆ ಸದಾ ಹೈವೇಯಲ್ಲಿ ಓಡಾಡುವವನು ನಾನು. ದಂಡದ ಭಯ ನಗರಗಳಿಗಿಂತ ಸಣ್ಣ ಊರುಗಳಲ್ಲೇ ಜಾಸ್ತಿ. ಊರು ಶುರುವಾದರೂ ರಸ್ತೆ ಅಷ್ಟೇ ಅಗಲ, ಅಷ್ಟೇ ನುಣುಪು. ಲಿಮಿಟ್ ಮಾತ್ರ 80ರಿಂದ 50ಕ್ಕೆ ಇಳಿದಿರುತ್ತದೆ.

ಬೋರ್ಡು ದಾಟಿದ ಮೇಲೆ ನಿಧಾನ ಮಾಡಿದರಾಯಿತು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ, ಹೊಸ ಲಿಮಿಟ್ ಬೋರ್ಡಿನಿಂದಲೇ ಶುರು. 80ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅದಕ್ಕೇ ಬೋರ್ಡು ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೇನೆ. ಇಳಿಜಾರಿದ್ದರೆ ಗೇರ್ ಕೂಡ ಇಳಿಸುತ್ತೇನೆ. ಊರಿಂದ ಹೊರಗೆ ಹೋಗುವಾಗ ಇನ್ನೂ ಹುಷಾರಾಗಿರಬೇಕು. ಕೊನೆಯ ಮನೆ ದಾಟಿದ ತಕ್ಷಣ ಕಾಲು ತಾನಾಗಿಯೇ ಒತ್ತುತ್ತದೆ, ಅಲ್ವಾ? ಲಿಮಿಟ್ ಮುಗಿಯುವ ಬೋರ್ಡು ಮಾತ್ರ ಇನ್ನೂ ಮುಂದೆ ಇರುತ್ತದೆ.

ಸಿಕ್ಕಿಬಿದ್ದವರು ಮೊದಲು ಬೈಯುವುದು ವೇಗ ಅಳೆಯುವ ಮಷೀನನ್ನು. 'ಪಕ್ಕದಲ್ಲಿ ನಿಂತು ಓರೆಯಾಗಿ ಅಳೆದರು, ಅದಕ್ಕೇ ಜಾಸ್ತಿ ತೋರಿಸಿತು' ಅನ್ನುವ ವಾದ ಸುಮ್ನೆ. ನಿಂತಲ್ಲಿಂದ ಓರೆಯಾಗಿ ಅಳೆದರೆ ರಾಡಾರ್ ಕಡಿಮೆಯೇ ತೋರಿಸುತ್ತದೆ. 20 ಡಿಗ್ರಿ ಓರೆಯಿದ್ದರೆ 60ರ ವೇಗ ಸುಮಾರು 56 ಎಂದು ಬರುತ್ತದೆ. ಲಾಭ ನಮಗೇ. ಕೇಳಬೇಕಾದ ಪ್ರಶ್ನೆ ಬೇರೆ: ಅಳೆದದ್ದು ಯಾವ ಗಾಡಿಯನ್ನು? ರಾಡಾರಿನ ಕಿರಣ ದೂರ ಹೋದಷ್ಟೂ ಹರಡುತ್ತದೆ, ಇಡೀ ರಸ್ತೆಯನ್ನೇ ಆವರಿಸುತ್ತದೆ. ಪಕ್ಕದಲ್ಲಿ ದೊಡ್ಡ ಲಾರಿ ಇದ್ದರೆ ಅದರ ವೇಗವೂ ಸಿಗಬಹುದು. ಲೇಸರ್ ಗನ್ ಹಾಗಲ್ಲ. 300 ಮೀಟರ್ ದೂರದಲ್ಲೂ ಅದರ ಕಿರಣ ಸುಮಾರು ಒಂದು ಮೀಟರ್ ಅಗಲ ಅಷ್ಟೇ. ಆದ್ದರಿಂದ ನೋಟಿಸ್ ಬಂದರೆ ಯಾವ ಮಷೀನು, ಕೊನೆಯ ಸಲ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ಪರೀಕ್ಷೆ) ಮಾಡಿದ್ದು ಯಾವಾಗ ಎಂದು ಬರವಣಿಗೆಯಲ್ಲಿ ಕೇಳುತ್ತೇನೆ.

ಅದಕ್ಕಿಂತ ಮುಖ್ಯ ಕೆಲಸವೆಂದರೆ ಆ ಜಾಗಕ್ಕೆ ವಾಪಸ್ ಹೋಗಿ ಫೋಟೋ ತೆಗೆಯುವುದು. ಚಾಲಕನ ಕಣ್ಣಿನ ಎತ್ತರದಿಂದ, ನಾನು ಬಂದ ದಿಕ್ಕಿನಿಂದ, ಅದೇ ಹೊತ್ತಿನಲ್ಲಿ. ಒಂದು ಊರಲ್ಲಿ ಮರದ ಕೊಂಬೆ ಬೋರ್ಡನ್ನು ಪೂರ್ತಿ ಮುಚ್ಚಿತ್ತು. ವಾದ ಬೇಕಾಗಲಿಲ್ಲ, ಫೋಟೋ ನೋಡಿಯೇ ದಂಡ ರದ್ದು ಮಾಡಿದರು. ಎಲೆ ಉದುರುವ ಮೊದಲೇ ಹೋಗಿದ್ದು ಒಳ್ಳೆಯದಾಯಿತು.

ಹಾಗಂತ ಎಲ್ಲ ಊರನ್ನೂ ಅನುಮಾನಿಸಬೇಕಿಲ್ಲ. ಶಾಲೆಯ ಮುಂದೆ 30 ಇದ್ದರೆ ಅದಕ್ಕೆ ಕಾರಣ ಇದೆ. ದಂಡವನ್ನೇ ಆದಾಯ ಮಾಡಿಕೊಂಡ ಊರುಗಳೂ ಇವೆ, ಸುಳ್ಳಲ್ಲ. ಅಮೆರಿಕದ ಫ್ಲೋರಿಡಾದ ವಾಲ್ಡೋ ಎಂಬ ಪುಟ್ಟ ಊರಲ್ಲಿ ಸ್ವಲ್ಪ ದೂರದಲ್ಲೇ ಲಿಮಿಟ್ ಆರು ಸಲ ಬದಲಾಗುತ್ತಿತ್ತು. ಇಷ್ಟು ಚೀಟಿ ಬರೆಯಲೇಬೇಕು ಎಂದು ಪೊಲೀಸರ ಮೇಲೆ ಒತ್ತಡ ಇತ್ತೆಂಬ ದೂರು ಬಂದು, 2014ರಲ್ಲಿ ಆ ಊರಿನ ಪೊಲೀಸ್ ಇಲಾಖೆಯನ್ನೇ ಮುಚ್ಚಿದರು. ಒಹಾಯೋದ ನ್ಯೂ ರೋಮ್‌ನಲ್ಲಿ ಇದ್ದದ್ದೇ ಸುಮಾರು 60 ಜನ. ದಂಡ ವಸೂಲಿಗೇ ಹೆಸರಾಗಿದ್ದ ಆ ಊರಾಡಳಿತ 2004ರಲ್ಲಿ ರದ್ದಾಯಿತು.

ಫೋಟೋದಲ್ಲಿ ಬೋರ್ಡು ಚೆನ್ನಾಗಿ ಕಾಣುತ್ತಿದ್ದು, ಕ್ಯಾಲಿಬ್ರೇಷನ್ ಕಾಗದವೂ ಸರಿಯಿದ್ದರೆ ನಾನು ಎಳೆದಾಡುವುದಿಲ್ಲ. ಗಡುವಿನೊಳಗೆ ದಂಡ ಕಟ್ಟಿ ರಸೀದಿ ಎತ್ತಿಡುತ್ತೇನೆ.