ನೀಲಮಣಿ ಕೊಳ್ಳುವಾಗ ‘ಅಸಲಿಯೇ?’ ಎಂದು ಕೇಳಿದರೆ ಸಾಲದು

ನೀಲಿ ಹರಳನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಇದು ಅಸಲಿಯೇ?’ ಎಂದು. ಟಾಂಜನೈಟ್, ಐಯೊಲೈಟ್, ನೀಲಿ ಟೋಪಾಜ್‌ಗಳನ್ನು ತೋರಿಸಿಯೂ ವ್ಯಾಪಾರಿ ಸುಳ್ಳಾಡದೆ ‘ಹೌದು’ ಎನ್ನಬಹುದು. ಅವೂ ಭೂಮಿಯಿಂದ ಬಂದ ಖನಿಜಗಳೇ, ಆದರೆ ನೀಲಮಣಿಗಳಲ್ಲ. ಆದ್ದರಿಂದ ಮೊದಲು ಖನಿಜದ ಹೆಸರನ್ನು ಕೇಳಿ. ನೀಲಮಣಿ ಎಂದರೆ ಕುರುಂದ (ಕೊರಂಡಮ್) ಎಂಬ ಖನಿಜ, ಮಾಣಿಕ್ಯವೂ ಅದೇ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅದರದು 9. ಟಾಂಜನೈಟ್‌ನದು 6ರಿಂದ 7 ಮಾತ್ರವಾದ್ದರಿಂದ ದಿನವೂ ತೊಡುವ ಉಂಗುರದಲ್ಲಿ ಅದಕ್ಕೆ ಬೇಗ ಗೀರು ಬೀಳುತ್ತದೆ.

ಎರಡನೆಯದಾಗಿ, ಒಡವೆಗೆ ಕೂರಿಸುವ ಮೊದಲೇ ಬಿಡಿ ಹರಳನ್ನು ಅಂಗಡಿಯ ದೀಪದಿಂದ ದೂರ, ಬಾಗಿಲ ಬೆಳಕಿಗೆ ತಂದು ನೋಡಿ. ನಡುವೆ ಬಣ್ಣ ತೆಳುವಾಗಿ, ಕೆಳಗಿಟ್ಟ ಬೆರಳು ಕಾಣುವಂತಿದ್ದರೆ ಅದನ್ನು ಆಳವಿಲ್ಲದೆ ಕತ್ತರಿಸಿದ್ದಾರೆಂದು ತಿಳಿಯಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು ಹರಳಿಗೆ ಏನು ಮಾಡಲಾಗಿದೆ ಎಂಬುದನ್ನು. ಮಾರುಕಟ್ಟೆಯಲ್ಲಿರುವ ಬಹುಪಾಲು ನೀಲಮಣಿಗಳು ಬಣ್ಣ ಸುಧಾರಿಸಲು ಕುಲುಮೆಯಲ್ಲಿ ಕಾಸಿದವು. ಆ ಬಣ್ಣ ಶಾಶ್ವತವಾದ್ದರಿಂದ ತಿಳಿಸಿ ಮಾರಿದರೆ ತಪ್ಪೇನಿಲ್ಲ, ಆದರೆ ಕಾಸದ ಹರಳಿನ ಬೆಲೆಯನ್ನು ಅದಕ್ಕೆ ತೆರಬಾರದು. ಬಿರುಕುಗಳಿಗೆ ಕೋಬಾಲ್ಟ್ ಬೆರೆತ ಸೀಸದ ಗಾಜು ತುಂಬಿದ ಹರಳಿನ ಮಾತೇ ಬೇರೆ: ಉಂಗುರ ಸರಿಪಡಿಸುವ ಅಕ್ಕಸಾಲಿಗನ ಬೆಂಕಿಗೂ ನಿಂಬೆರಸದ ಆಮ್ಲಕ್ಕೂ ಆ ಗಾಜು ಕೆಡಬಹುದು. ಇನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ವರ್ನೈ 1902ರಲ್ಲಿ ಪ್ರಕಟಿಸಿದ, ಪುಡಿಯನ್ನು ಜ್ವಾಲೆಯಲ್ಲಿ ಕರಗಿಸುವ ವಿಧಾನದಿಂದ ತಯಾರಾಗುವ ಕೃತಕ ಹರಳೂ ರಾಸಾಯನಿಕವಾಗಿ ಕುರುಂದವೇ. ಹಾಲಿಗೆ ಹಾಕಿ ಬಣ್ಣ ನೋಡುವ ಮನೆಮಂದಿಯ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ. ಭೂತಗನ್ನಡಿಯಡಿ ಅದರಲ್ಲಿ ಬಾಗಿದ ಬಣ್ಣದ ಪಟ್ಟಿಗಳು ಕಂಡಾವು, ನೈಸರ್ಗಿಕ ಹರಳಿನಲ್ಲಿ ಅವು ನೇರವಾಗಿರುತ್ತವೆ.

ಇದನ್ನೆಲ್ಲ ಖಚಿತಪಡಿಸುವುದು ಅಂಗಡಿಗೆ ಸಂಬಂಧವಿಲ್ಲದ ಪ್ರಯೋಗಾಲಯದ ವರದಿಯೇ ಹೊರತು ಚಿನ್ನದ ಹಾಲ್‌ಮಾರ್ಕ್ ಅಲ್ಲ, ಅದು ಚಿನ್ನದ ಶುದ್ಧತೆಯನ್ನಷ್ಟೇ ಹೇಳುತ್ತದೆ. ವರದಿಯಲ್ಲಿನ ತೂಕ, ಅಳತೆಗಳು ಹರಳಿಗೆ ಹೊಂದುತ್ತವೆಯೇ ಎಂದು ಎದುರಿಗೇ ನೋಡಿ. ‘ಕಾಶ್ಮೀರದ್ದು’ ಎಂಬ ಮಾತಿಗಂತೂ ವರದಿಯಿಲ್ಲದೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. 1880ರ ದಶಕದ ಆರಂಭದಲ್ಲಿ ಜಮ್ಮು-ಕಾಶ್ಮೀರದ ಪಾಡರ್‌ನಲ್ಲಿ ಸಿಕ್ಕ ಆ ಪ್ರಸಿದ್ಧ ನಿಕ್ಷೇಪ ಕೆಲವೇ ವರ್ಷಗಳಲ್ಲಿ ಬಹುಪಾಲು ಬರಿದಾಯಿತು.

ಬಿಲ್ಲಿನಲ್ಲಿ ಹರಳಿನ ತೂಕವನ್ನು ರತ್ತಿಯ ಬದಲು ಕ್ಯಾರೆಟ್‌ನಲ್ಲಿ ಬರೆಸಿ (5 ಕ್ಯಾರೆಟ್‌ಗೆ 1 ಗ್ರಾಂ), ಚಿನ್ನದ ತೂಕದಿಂದ ಅದನ್ನು ಕಳೆದಿದ್ದಾರೆಯೇ ಎಂದೂ ಗಮನಿಸಿ. ಶನಿಯ ಹರಳೆಂದು ಕೆಲವು ದಿನ ಇಟ್ಟುಕೊಂಡು ನೋಡುವ ರೂಢಿಯವರು, ಆಗಿಬರದಿದ್ದರೆ ಎಷ್ಟು ದಿನದೊಳಗೆ, ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನು ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.